ಗಾಜಿನ ಮನೆಯ ರೋಗಿ

ನಾಯಿಗೆ ಕಾಯಿಲೆಯಾದರೆ ಕುಂಯ್‌ಗುಟ್ಟುತ್ತದೆ. ಹಸುವಿಗೆ ಕಾಯಿಲೆಯಾದರೆ ಮೆಲುಕು ಹಾಕುವುದನ್ನು ನಿಲ್ಲಿಸಿ ಒಡೆಯನ ಕಡೆಗೆ ಮೋರೆ ತಿರುಗಿಸುತ್ತದೆ. ಪಂಜರದ ಗಿಳಿಯೂ ಗರಿ ಕೆದರಿ ಕುಳಿತು ತನ್ನ ಅಸೌಖ್ಯವನ್ನು ಸಾರುತ್ತದೆ. ಆದರೆ ಗಾಜಿನ ತೊಟ್ಟಿಯ ಮೀನಿಗೆ ನಮ್ಮ ಕಿವಿಗೆ ಬೀಳುವ ದನಿಯಿಲ್ಲ. ನೋವಿನಲ್ಲಿ ಮುಚ್ಚಿಕೊಳ್ಳಲು ಕಣ್ಣಿಗೆ ರೆಪ್ಪೆಯೂ ಇಲ್ಲ. ನಿನ್ನೆಯವರೆಗೆ ಮಿಂಚಿನಂತೆ ಸುಳಿಯುತ್ತಿದ್ದದ್ದು ಇಂದು ಬೆಳಿಗ್ಗೆ ಒಂದು ಮೂಲೆಯಲ್ಲಿ ರೆಕ್ಕೆ ಮಡಿಚಿಕೊಂಡು ನಿಂತಿರುತ್ತದೆ. ಅದು ಹೇಳಬಲ್ಲುದು ಅಷ್ಟೇ. ಉಳಿದುದನ್ನು ನಾವು ಓದಿಕೊಳ್ಳಬೇಕು.

ನಮ್ಮ ಮನೆಯ ನಡುಕೋಣೆಯಲ್ಲಿ ಅರವತ್ತು ಲೀಟರು ಹಿಡಿಯುವ ಒಂದು ಗಾಜಿನ ತೊಟ್ಟಿಯಿತ್ತು. ಮಗಳ ಹಟಕ್ಕೆ ಮಣಿದು ತಂದದ್ದು. ಅದರಲ್ಲಿ ಮೂರು ಚಿನ್ನದ ಮೀನುಗಳಿದ್ದವು. ಈಗ ಇರುವುದು ಎರಡು. ಮೂರನೆಯದು ಹೋದದ್ದು ನನ್ನ ಕೈಯಿಂದ, ಅದೂ ಅಕ್ಕರೆಯ ಅತಿಶಯದಿಂದ. ಆ ಕತೆಯನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೂ ಹೊಸದಾಗಿ ಮೀನು ಸಾಕುವವರು ಎಡವುವ ಕಲ್ಲು ಬಹುಮಟ್ಟಿಗೆ ಅದೇ ಆದುದರಿಂದ, ಅಲ್ಲಿಂದಲೇ ಮೊದಲು ಮಾಡುತ್ತೇನೆ.

ಒಂದು ಭಾನುವಾರ ತೊಟ್ಟಿಯ ನೀರು ಕೊಂಚ ಮಬ್ಬಾಗಿ ಕಂಡಿತು. ಮೀನುಗಳನ್ನು ಬಕೆಟ್ಟಿಗೆ ವರ್ಗಾಯಿಸಿ ಇದ್ದ ನೀರನ್ನೆಲ್ಲ ಚೆಲ್ಲಿದೆ. ತಳದ ಹರಳುಕಲ್ಲುಗಳನ್ನು ಅಕ್ಕಿ ತೊಳೆದಂತೆ ನಾಲ್ಕಾರು ಬಾರಿ ತೊಳೆದೆ. ಶೋಧಕದಲ್ಲಿದ್ದ ಕಂದುಬಣ್ಣದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿ ಹಿಂಡಿ ಬೆಳ್ಳಗೆ ಮಾಡಿದೆ. ಹೊಸ ನೀರು ತುಂಬಿದಾಗ ತೊಟ್ಟಿ ಸ್ಫಟಿಕದ ಮಂಟಪದಂತೆ ಹೊಳೆಯಿತು, ಬಂದವರೆಲ್ಲ ಹೊಗಳಿದರು. ನಾಲ್ಕನೆಯ ದಿನ ಮೂರೂ ಮೀನುಗಳು ನೀರಿನ ಮೇಲ್ಮಟ್ಟಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ನಾನು ಗಾಬರಿಯಿಂದ ಯಾವುದೋ ಬಣ್ಣದ ಔಷಧವನ್ನು ತಂದು ಸುರಿದೆ. ಆರನೆಯ ದಿನ ಅವುಗಳಲ್ಲಿ ಚಿಕ್ಕದು ಸತ್ತಿತ್ತು. ಅದನ್ನು ಕೊಂದದ್ದು ಯಾವ ರೋಗಾಣುವೂ ಅಲ್ಲ. ನನ್ನ ಶುಚಿತ್ವವೇ ಕೊಂದದ್ದು.

ಇದು ಹೇಗೆಂದು ತಿಳಿಯಬೇಕಾದರೆ ಹೊಳೆಯ ಮೀನನ್ನೊಮ್ಮೆ ನೆನೆಯಬೇಕು. ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಎರಚಿರುತ್ತಾರೆ. ಅಷ್ಟು ಮೀನು, ಅಷ್ಟು ತಿನಿಸು, ಅಷ್ಟು ಹೊಲಸು ಅಲ್ಲಿ ಸೇರಿದರೂ ಹೊಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಗಾಜಿನ ತೊಟ್ಟಿಗೆ ಆ ಭಾಗ್ಯವಿಲ್ಲ. ಅಲ್ಲಿ ಮೀನು ಉಣ್ಣುವುದು, ಉಸಿರಾಡುವುದು, ವಿಸರ್ಜಿಸುವುದು ಎಲ್ಲವೂ ಒಂದೇ ನೀರಿನಲ್ಲಿ. ಮೀನು ತನ್ನ ದೇಹದ ಸಾರಜನಕದ ಕಲ್ಮಷವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವೂ ಅಮೋನಿಯಾವನ್ನೇ ಕೊಡುತ್ತವೆ. ಈ ಅಮೋನಿಯಾ ಮೀನಿಗೆ ಕಡುವಿಷ. ಅದು ಕಿವಿರುಗಳನ್ನು ಸುಡುತ್ತದೆ, ನರಗಳನ್ನು ಕೆಡಿಸುತ್ತದೆ.

ಹಾಗಾದರೆ ತೊಟ್ಟಿಯಲ್ಲಿ ಮೀನು ಬದುಕುವುದಾದರೂ ಹೇಗೆ? ಶೋಧಕದ ಸ್ಪಂಜಿನಲ್ಲಿ, ಹರಳುಗಳ ಮೈಮೇಲೆ ಕಣ್ಣಿಗೆ ಕಾಣದ ಏಕಾಣುಜೀವಿಗಳ ಸಂಸಾರವೊಂದು ನೆಲೆಗೊಂಡಿರುತ್ತದೆ. ಅವುಗಳಲ್ಲಿ ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ಇದರ ಕೇಡು ಬಹಳ ಕಡಿಮೆ. ಗಿಡಗಳು ಅದನ್ನು ಹೀರುತ್ತವೆ, ಉಳಿದುದನ್ನು ನಾವು ನೀರು ಬದಲಿಸಿ ಕಳೆಯಬಹುದು. ಹೊಸ ತೊಟ್ಟಿಯಲ್ಲಿ ಈ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಹಿಂಡಿ ಬಿಸಾಡಿದ ಕಂದು ಕೊಳೆಯೇ ಆ ಸಂಸಾರ. ಸಾಲದುದಕ್ಕೆ ನಲ್ಲಿಯ ನೀರಿನ ಕ್ಲೋರಿನ್ ಉಳಿದವನ್ನೂ ಮುಗಿಸಿತ್ತು.

ಇದೇನೂ ಹೊಸ ಪಾಠವಲ್ಲ. ೧೮೫೦ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಎಂಬಾತ ಎರಡು ಚಿನ್ನದ ಮೀನು ಮತ್ತು ಒಂದು ನೀರುಗಿಡದೊಂದಿಗೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಬದುಕುತ್ತದೆ ಎಂಬುದು ಅವನ ಎಣಿಕೆ. ಆದರೆ ಗಿಡದ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಅವನು ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟ, ನೀರು ತಿಳಿಯಾಯಿತು. ತೊಟ್ಟಿಯಲ್ಲಿ ಮೀನಿಗಿಂತ ಮೊದಲು ಆರೈಕೆ ಬೇಡುವುದು ನೀರು ಎಂಬುದನ್ನು ಅವನು ಕಂಡುಕೊಂಡ. ನಾನು ಅದನ್ನು ಒಂದು ಜೀವ ತೆತ್ತು ಕಲಿತೆ.

ಆದುದರಿಂದ ಮೀನು ಮಂಕಾದಾಗ ಮೊದಲು ಮಾಡಬೇಕಾದ ಕೆಲಸ ಔಷಧದ ಸೀಸೆಗೆ ಕೈಹಾಕುವುದಲ್ಲ, ನೀರನ್ನು ಪರೀಕ್ಷಿಸುವುದು. ನೀರಿಗೆ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಪೆಟ್ಟಿಗೆಗಳು ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಿರಬೇಕು. ನೀರು ಕ್ಷಾರವಾದಷ್ಟೂ ಅಮೋನಿಯಾ ಹೆಚ್ಚು ಉಗ್ರವಾಗುತ್ತದೆ ಎಂಬುದು ನೆನಪಿರಲಿ. ಪಿಎಚ್ ೭ ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ; ಪಿಎಚ್ ೮ ಆದರೆ ಅದು ನೂರಕ್ಕೆ ಐದರಷ್ಟಾಗುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ. ಸುತ್ತ ಬೇಕಾದಷ್ಟು ಗಾಳಿಯಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ. ನಮ್ಮ ಮೀನುಗಳು ಮೇಲೆ ಬಂದು ಬಾಯಿ ತೆರೆದದ್ದು ಈ ಬಗೆಯ ಸಂಕಟದಿಂದಲೇ. ಗೌರಾಮಿ, ಫೈಟರ್ ಮೊದಲಾದ ಮೀನುಗಳು ಮೇಲೆ ಬಂದು ಗಾಳಿ ಗುಟುಕರಿಸುವುದು ಅವುಗಳ ಸ್ವಭಾವ, ಅದಕ್ಕೆ ಹೆದರಬೇಕಾಗಿಲ್ಲ. ಚಿನ್ನದ ಮೀನು ಬಿಡದೆ ಹಾಗೆ ಮಾಡಿದರೆ ಮಾತ್ರ ಹೆದರಬೇಕು.

ನೀರು ಕೆಟ್ಟಿದ್ದರೆ ಪರಿಹಾರ ಸರಳ. ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ನೀರನ್ನು ತೆಗೆದು ಅಷ್ಟೇ ಒಳ್ಳೆಯ ನೀರನ್ನು ತುಂಬಬೇಕು. ಅಗತ್ಯವಿದ್ದರೆ ಮರುದಿನವೂ ಹಾಗೆಯೇ ಮಾಡಬೇಕು. ಹೊಸ ನೀರಿನ ಶಾಖ ಹಳೆಯದಕ್ಕೆ ಹೊಂದಬೇಕು. ನಲ್ಲಿಯ ನೀರಿನ ಕ್ಲೋರಿನ್ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ನಿಂತರೆ ಬಹುಮಟ್ಟಿಗೆ ಹಾರಿಹೋಗುತ್ತದೆ. ಹಿಂದೆ ಛಾಯಾಗ್ರಾಹಕರು ಬಳಸುತ್ತಿದ್ದ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟು, ಅದನ್ನು ಆ ಕ್ಷಣದಲ್ಲೇ ಕಳೆಯುತ್ತದೆ. ಮೀನಿನ ಅಂಗಡಿಯವರು ಮಾರುವ ಕ್ಲೋರಿನ್ ನಿವಾರಕಗಳಲ್ಲಿ ಅದೇ ಸಾಮಾನ್ಯವಾಗಿರುತ್ತದೆ. ಎರಡು ಮೂರು ದಿನ ಆಹಾರವನ್ನು ನಿಲ್ಲಿಸಬೇಕು. ಹಸಿದಿದೆಯೆಂದು ಮರುಗುವುದು ಬೇಡ; ಆರೋಗ್ಯವಾಗಿ ಬೆಳೆದ ಮೀನು ಅಷ್ಟು ದಿನದ ಉಪವಾಸವನ್ನು ಲೆಕ್ಕಿಸುವುದಿಲ್ಲ. ತಿನ್ನದೆ ತಳ ಸೇರಿದ ತಿನಿಸು ಮಾತ್ರ ವಿಷವಾಗುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಸ್ಪಂಜನ್ನು ತೊಳೆಯಲೇಬೇಕಾದಾಗ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದರೆ ಸಾಕು.

ನೀರು ಸರಿಯಿದ್ದೂ ಮೀನಿಗೆ ಕಾಯಿಲೆಯಿದ್ದರೆ ಮುಂದಿನ ಹೆಜ್ಜೆ ರೋಗಿಯನ್ನು ನೋಡುವುದು. ಹತ್ತು ನಿಮಿಷ ತೊಟ್ಟಿಯ ಮುಂದೆ ಸುಮ್ಮನೆ ಕುಳಿತುಕೊಳ್ಳಿ. ರೆಕ್ಕೆ ಬಿಚ್ಚಿದೆಯೇ, ಮೈಗೆ ಅಂಟಿದೆಯೇ? ಎರಡು ಕಿವಿರುಮುಚ್ಚಳಗಳೂ ಸಮನಾಗಿ ಆಡುತ್ತಿವೆಯೇ? ಮೈಯನ್ನು ಕಲ್ಲಿಗೆ ಉಜ್ಜಿಕೊಳ್ಳುತ್ತಿದೆಯೇ? ಹುರುಪೆಗಳು ಮೈಗೆ ಹೊಂದಿಕೊಂಡಿವೆಯೇ, ನಿಮಿರಿ ನಿಂತಿವೆಯೇ? ಮೈಮೇಲೆ ಚುಕ್ಕೆ, ಹುಣ್ಣು, ಹತ್ತಿಯಂಥ ಬೂಷ್ಟು ಇದೆಯೇ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮರುದಿನ ಹೋಲಿಸಿ ನೋಡಲು ಅನುಕೂಲ. ನಮ್ಮ ಮನೆಯಲ್ಲಿ ಈ ಕೆಲಸವನ್ನು ಮಗಳಿಗೆ ಒಪ್ಪಿಸಿದೆ. ನನಗಿಂತ ಅವಳ ಕಣ್ಣು ಚುರುಕು.

ಗಾಯಗೊಂಡ ಮೀನಿಗಾಗಲಿ, ಜೊತೆಯ ಮೀನುಗಳು ಕಚ್ಚಿ ಪೀಡಿಸುತ್ತಿರುವ ಮೀನಿಗಾಗಲಿ ಬೇರೊಂದು ಕೋಣೆ ಬೇಕಾಗುತ್ತದೆ. ಇಪ್ಪತ್ತು ಲೀಟರಿನ ಸಣ್ಣ ತೊಟ್ಟಿಯಾದರೂ ಆಗಬಹುದು, ಸಾಬೂನು ಸೋಕದ ಹೊಸ ಪ್ಲಾಸ್ಟಿಕ್ ಟಬ್ಬಾದರೂ ಆಗಬಹುದು. ತಳಕ್ಕೆ ಕಲ್ಲು ಬೇಡ. ಬರಿಯ ತಳವಿದ್ದರೆ ಹೊಲಸು ಕಾಣುತ್ತದೆ, ತೆಗೆಯುವುದು ಸುಲಭ. ಗಾಳಿ ಊದುವ ಸಣ್ಣ ಪಂಪು, ಅಡಗಲು ಮಗುಚಿಟ್ಟ ಮಣ್ಣಿನ ಕುಡಿಕೆ, ಮೇಲೆ ಮುಚ್ಚಳ, ಸುತ್ತ ಒಂದಿಷ್ಟು ಮಬ್ಬು. ಹಳೆಯ ತೊಟ್ಟಿಯ ಶೋಧಕದಿಂದ ಸ್ಪಂಜಿನ ಒಂದು ತುಂಡನ್ನು ಕತ್ತರಿಸಿ ಹಾಕಿದರೆ ಉಪಕಾರಿ ಏಕಾಣುಜೀವಿಗಳೂ ಜೊತೆಗೆ ಬರುತ್ತವೆ. ಆರೈಕೆ ಮುಗಿದ ಮೇಲೆ ಆ ತುಂಡನ್ನು ಎಸೆಯಬೇಕೇ ಹೊರತು ಮರಳಿ ಸೇರಿಸಬಾರದು. ಸ್ಪಂಜಿಲ್ಲದಿದ್ದರೆ ದಿನವೂ ಮೂರನೆಯ ಒಂದು ಪಾಲು ನೀರನ್ನು ಬದಲಿಸಬೇಕು. ಮೀನನ್ನು ಸಾಗಿಸುವಾಗ ಒಣಗೈಯಿಂದ ಹಿಡಿಯಬಾರದು. ಅದರ ಮೈಮೇಲಿನ ಲೋಳೆಯೇ ಅದರ ಮೊದಲ ಕವಚ. ಬಲೆಯ ದಾರ, ಒಣ ಅಂಗೈ ಎರಡೂ ಅದನ್ನು ಕೀಳುತ್ತವೆ. ಬಟ್ಟಲನ್ನು ನೀರಿನಲ್ಲಿ ಮುಳುಗಿಸಿ, ಮೀನನ್ನು ಅದರೊಳಕ್ಕೆ ನಯವಾಗಿ ತಿರುಗಿಸಿ, ನೀರಿನ ಸಮೇತ ಎತ್ತುವುದು ಲೇಸು.

ಈ ಆಸ್ಪತ್ರೆಯಲ್ಲಿ ಮೊದಲ ಔಷಧ ನಮ್ಮ ಅಡುಗೆಮನೆಯ ಉಪ್ಪು. ಸಿಹಿನೀರಿನ ಮೀನಿನ ರಕ್ತದಲ್ಲಿ ಲೀಟರಿಗೆ ಎಂಟು ಒಂಬತ್ತು ಗ್ರಾಂ ಉಪ್ಪಿಗೆ ಸಮನಾದಷ್ಟು ಲವಣವಿರುತ್ತದೆ. ಸುತ್ತಲ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಹೊರಗಿನ ನೀರು ಹಗಲಿರುಳೂ ಕಿವಿರುಗಳ ಮೂಲಕ ಮೀನಿನೊಳಕ್ಕೆ ನುಗ್ಗುತ್ತಿರುತ್ತದೆ. ಮೀನು ಸೋರುವ ದೋಣಿಯಂತೆ. ಅದರ ಮೂತ್ರಪಿಂಡಗಳು ಬಿಡುವಿಲ್ಲದೆ ನೀರನ್ನು ಮೊಗೆದು ಹೊರಕ್ಕೆ ಚೆಲ್ಲುತ್ತಿರಬೇಕು. ಮೈಮೇಲೆ ಗಾಯವಾದರೆ ದೋಣಿಗೆ ಇನ್ನೊಂದು ತೂತು ಬಿದ್ದಂತೆ. ಸುತ್ತಲ ನೀರಿಗೆ ಒಂದಿಷ್ಟು ಉಪ್ಪು ಬೆರೆತರೆ ಒಳನುಗ್ಗುವ ನೀರಿನ ರಭಸ ತಗ್ಗುತ್ತದೆ, ಮೊಗೆಯುವ ಶ್ರಮ ಕಡಿಮೆಯಾಗುತ್ತದೆ. ಉಳಿದ ಶಕ್ತಿ ಮೈ ಮಾಯಿಸಿಕೊಳ್ಳಲು ಒದಗುತ್ತದೆ. ನೈಟ್ರೈಟ್ ದೇಹಕ್ಕೆ ನುಸುಳುವುದನ್ನು ಉಪ್ಪಿನ ಕ್ಲೋರೈಡು ತಡೆಯುತ್ತದೆ ಎಂಬುದು ಇನ್ನೊಂದು ಲಾಭ. ಆ ಭಾನುವಾರದ ಅನಾಹುತದಲ್ಲಿ ಬಣ್ಣದ ಔಷಧದ ಬದಲು ಒಂದು ಹಿಡಿ ಉಪ್ಪನ್ನೂ ಎರಡು ಕೊಡ ಒಳ್ಳೆಯ ನೀರನ್ನೂ ನೆಚ್ಚಿದ್ದರೆ ಮೂರನೆಯ ಮೀನು ಉಳಿಯುತ್ತಿತ್ತೇನೋ.

ಪ್ರಮಾಣ ಹೀಗೆ: ಲೀಟರಿಗೆ ೧ ಗ್ರಾಂನಿಂದ ಆರಂಭಿಸಿ, ಚಿನ್ನದ ಮೀನಿಗಾದರೆ ೩ ಗ್ರಾಂವರೆಗೆ ಹೋಗಬಹುದು. ಪುಡಿ ಉಪ್ಪು ಗಟ್ಟಿಯಾಗದಿರಲೆಂದು ಏನೇನೋ ಬೆರೆಸಿರುತ್ತಾರೆ. ಏನೂ ಬೆರೆಸದ ಹರಳುಪ್ಪು ಉತ್ತಮ. ಚಮಚದ ಲೆಕ್ಕವನ್ನು ನಂಬದೆ ತೂಗಿಯೇ ಹಾಕಬೇಕು. ಬೇರೆ ಪಾತ್ರೆಯಲ್ಲಿ ಕರಗಿಸಿ, ಮೂರು ಕಂತುಗಳಲ್ಲಿ, ಒಂದೆರಡು ದಿನ ಹಿಡಿದು ಸೇರಿಸಬೇಕು. ಲೀಟರಿಗೆ ೨ ಗ್ರಾಂನಂತೆ ಇಪ್ಪತ್ತು ಲೀಟರಿಗೆ ೪೦ ಗ್ರಾಂ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದುದರಿಂದ ಆರಿದ ನೀರಿನ ಬದಲಿಗೆ ಸಪ್ಪೆ ನೀರನ್ನೇ ತುಂಬಬೇಕು. ಐದು ಲೀಟರು ತೆಗೆದು ಬದಲಿಸಿದಾಗ ಮಾತ್ರ ಆ ಐದು ಲೀಟರಿನ ಪಾಲಿನ ೧೦ ಗ್ರಾಂ ಸೇರಿಸಬೇಕು. ಈ ಲೆಕ್ಕ ತಪ್ಪಿ ದಿನದಿನಕ್ಕೆ ಉಪ್ಪೇರಿಸಿ ಮೀನು ಕಳೆದುಕೊಂಡವರಿದ್ದಾರೆ. ಹುರುಪೆಯಿಲ್ಲದ ಮೀಸೆಮೀನುಗಳಲ್ಲಿ ಕೆಲವು ಉಪ್ಪನ್ನು ಅಷ್ಟು ಸೈರಿಸವು. ನೀರುಗಿಡಗಳೂ ಸೊರಗುತ್ತವೆ.

ಇನ್ನು ಮನೆಗಳಲ್ಲಿ ಬಹುವಾಗಿ ಕಾಣುವ ಬಿಳಿಚುಕ್ಕೆ ರೋಗ. ಮೀನಿನ ಮೈಮೇಲೆ, ರೆಕ್ಕೆಯ ಮೇಲೆ ರವೆ ಚೆಲ್ಲಿದಂತೆ ಬಿಳಿಯ ಕಾಳುಗಳು ಏಳುತ್ತವೆ. ನಮ್ಮ ಮನೆಗೆ ಇದು ಬಂದದ್ದು ತೊಳೆಯದೆ ತಂದು ನೆಟ್ಟ ಒಂದು ನೀರುಬಳ್ಳಿಯ ಜೊತೆಗೆ. ೧೮೭೬ರಲ್ಲಿ ಫ್ರಾನ್ಸಿನ ಫೂಕೆ ಎಂಬಾತ ಇದರ ಕಾರಣವಾದ ಜೀವಿಯನ್ನು ವರ್ಣಿಸಿ, ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂದು ಹೆಸರಿಟ್ಟ. ‘ಬಹುಸಂತಾನದ ಮೀನುಹೇನು’ ಎಂದು ಆ ಹೆಸರಿನ ಅರ್ಥ. ಹೇನಲ್ಲ ಅದು, ಒಂದೇ ಜೀವಕೋಶದ ಪ್ರಾಣಿ. ಬಹುಸಂತಾನವೆಂಬುದು ಮಾತ್ರ ದಿಟ. ಚರ್ಮದ ಕೆಳಗೆ ಅವಿತು ಮೀನಿನ ಮೈಯನ್ನೇ ತಿಂದು ಬೆಳೆಯುತ್ತದೆ. ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು, ಕಲ್ಲಿಗೋ ಗಿಡಕ್ಕೋ ಅಂಟಿ, ಸುತ್ತ ಕೋಶ ಕಟ್ಟಿಕೊಂಡು ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜುತ್ತ ಮೀನನ್ನು ಹುಡುಕುತ್ತವೆ. ಎರಡು ದಿನದೊಳಗೆ ಮೀನು ಸಿಕ್ಕದಿದ್ದರೆ ಸಾಯುತ್ತವೆ.

ಔಷಧ ಕೊಲ್ಲಬಲ್ಲುದು ಈಜುತ್ತಿರುವ ಮರಿಯನ್ನು ಮಾತ್ರ. ಚರ್ಮದೊಳಗೆ ಹೊಕ್ಕದ್ದನ್ನೂ ಕೋಶದೊಳಗೆ ಅಡಗಿದ್ದನ್ನೂ ಅದು ಮುಟ್ಟಲಾರದು. ಇದನ್ನರಿಯದವರು ಎರಡು ದಿನ ಔಷಧ ಹಾಕಿ, ಚುಕ್ಕೆ ಉದುರಿತೆಂದು ಸಂತೋಷಪಟ್ಟು, ವಾರದ ಮೇಲೆ ಹತ್ತು ಪಟ್ಟು ಚುಕ್ಕೆಗಳನ್ನು ಕಂಡು ಎದೆಗುಂದುತ್ತಾರೆ. ಚುಕ್ಕೆ ಉದುರುವುದು ಗುಣದ ಗುರುತಲ್ಲ. ಅದು ಮುಂದಿನ ಪೀಳಿಗೆಯ ಬಿತ್ತನೆ. ಒಂದೇ ಮೀನಿಗೆ ಚುಕ್ಕೆ ಕಂಡರೂ ಇಡೀ ತೊಟ್ಟಿಗೇ ಚಿಕಿತ್ಸೆ ಬೇಕು, ಏಕೆಂದರೆ ಕೋಶಗಳಿರುವುದು ತೊಟ್ಟಿಯ ತಳದಲ್ಲಿ. ನೀರಿನ ಶಾಖ ೨೫ ಡಿಗ್ರಿ ಸೆಲ್ಸಿಯಸ್ ಸುತ್ತ ಇದ್ದರೆ ಈ ಜೀವನಚಕ್ರ ಮೂರರಿಂದ ಆರು ದಿನದಲ್ಲಿ ಮುಗಿಯುತ್ತದೆ. ತಣ್ಣೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಶಾಖವನ್ನು ದಿನಕ್ಕೊಂದೆರಡು ಡಿಗ್ರಿಯಂತೆ ಏರಿಸಿ ೩೦ ಡಿಗ್ರಿಗೆ ತಂದು ಹತ್ತು ದಿನ ನಿಲ್ಲಿಸಿದರೆ ಹೆಚ್ಚಿನ ತಳಿಗಳು ಸಂತಾನ ಬೆಳೆಸಲಾರವು. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಲೀಟರಿನಲ್ಲಿ ೨೦ ಡಿಗ್ರಿಯಲ್ಲಿ ೯ ಮಿಲಿಗ್ರಾಂ ಹಿಡಿಯುವ ನೀರು ೩೦ ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಆದುದರಿಂದ ಗಾಳಿಯ ಪಂಪು ಜೋರಾಗಿ ಓಡುತ್ತಿರಬೇಕು. ನಾವು ಶಾಖದ ಜೊತೆಗೆ ಲೀಟರಿಗೆ ೨ ಗ್ರಾಂ ಉಪ್ಪು ಹಾಕಿ, ದಿನವೂ ತಳವನ್ನು ಕೊಳವೆಯಿಂದ ಹೀರಿ ತೆಗೆದೆವು. ಕೊನೆಯ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಬಿಡಲಿಲ್ಲ. ಎರಡು ಮೀನುಗಳೂ ಉಳಿದವು.

ಗಾಯದ ವಿಷಯಕ್ಕೆ ಬಂದರೆ, ಮೊದಲು ಗಾಯ ಮಾಡಿದ್ದನ್ನು ಹುಡುಕಬೇಕು. ಅಲಂಕಾರದ ಕಲ್ಲು, ಪ್ಲಾಸ್ಟಿಕ್ ಗಿಡ ಇವುಗಳ ಮೇಲೆ ಹಳೆಯ ನೈಲಾನ್ ಬಟ್ಟೆಯ ಚೂರೊಂದನ್ನು ಎಳೆದು ನೋಡಿ. ನೂಲು ಸಿಕ್ಕಿಕೊಂಡಲ್ಲಿ ರೆಕ್ಕೆಯೂ ಸಿಕ್ಕಿಕೊಳ್ಳುತ್ತದೆ. ಅಂಥದನ್ನು ಹೊರಗಿಡಿ. ನಮ್ಮ ಗಾಯಕ್ಕೆ ಹಚ್ಚುವ ಅರಿಶಿನವಾಗಲಿ ಮುಲಾಮಾಗಲಿ ಅಲ್ಲಿ ನಿಲ್ಲುವುದಿಲ್ಲ, ನೀರನ್ನು ಕೆಡಿಸುತ್ತದೆ. ಶುದ್ಧ ನೀರು, ಉಪ್ಪು, ಏಕಾಂತ ಇವಿಷ್ಟರಲ್ಲೇ ಸಣ್ಣ ಗಾಯಗಳು ಮಾಯುತ್ತವೆ; ಉದುರಿದ ಹುರುಪೆ ಮರಳಿ ಮೂಡುತ್ತದೆ. ರೆಕ್ಕೆಯ ಅಂಚು ಹರಿದು ಕೊಳೆಯುತ್ತ ಬಂದರೆ ಅದು ಏಕಾಣುಜೀವಿಗಳ ಕೆಲಸ. ಬೇರಿನವರೆಗೆ ಕೊಳೆಯದಿದ್ದರೆ ರೆಕ್ಕೆಯೂ ಬೆಳೆಯುತ್ತದೆ. ಹೊಸ ಅಂಚು ಮೊದಲು ಬಣ್ಣವಿಲ್ಲದೆ ತೆಳ್ಳಗೆ ಕಾಣುತ್ತದೆ. ಅದನ್ನು ರೋಗವೆಂದು ಭ್ರಮಿಸಬಾರದು. ಗಾಯದ ಮೇಲೆ ಹತ್ತಿಯಂತೆ ಬೆಳೆಯುವುದು ಹೆಚ್ಚಾಗಿ ಸಾಪ್ರೊಲೆಗ್ನಿಯಾ ಎಂಬ ಬೂಷ್ಟು. ಅದಕ್ಕೆ ಮಿಥಿಲೀನ್ ಬ್ಲೂ ಎಂಬ ನೀಲಿ ಔಷಧವನ್ನು ಸೀಸೆಯ ಮೇಲಿನ ಪ್ರಮಾಣದಂತೆ ಬಳಸುವುದುಂಟು. ಆದರೆ ಪ್ರತ್ಯೇಕ ತೊಟ್ಟಿಯಲ್ಲಿ ಮಾತ್ರ. ದೊಡ್ಡ ತೊಟ್ಟಿಗೆ ಸುರಿದರೆ ಉಪಕಾರಿ ಏಕಾಣುಜೀವಿಗಳಿಗೂ ಅಪಾಯ.

ಚಿನ್ನದ ಮೀನು ತಲೆಕೆಳಗಾಗಿ ತೇಲುವುದನ್ನು ಕಂಡು ಸತ್ತಿತೆಂದೇ ತಿಳಿಯುವವರಿದ್ದಾರೆ. ಚೀನದಲ್ಲಿ ಸಾವಿರ ವರ್ಷಗಳಿಂದ ಅಂದಕ್ಕಾಗಿ ತಳಿಯೆಬ್ಬಿಸುತ್ತ ಬಂದು ಅದರ ಮೈಯನ್ನು ಲಿಂಬೆಹಣ್ಣಿನಂತೆ ಗುಂಡಗೆ ಮಾಡಿದ್ದಾರೆ. ಆ ಇಕ್ಕಟ್ಟಿನಲ್ಲಿ ಕರುಳು ಉಬ್ಬಿದರೆ ಗಾಳಿಚೀಲಕ್ಕೆ ಒತ್ತಡ ಬೀಳುತ್ತದೆ, ತೂಕದ ಸಮತೋಲ ತಪ್ಪುತ್ತದೆ. ಎರಡು ಮೂರು ದಿನ ಉಪವಾಸ ಕೆಡವಿ, ಆಮೇಲೆ ಬಟಾಣಿಯನ್ನು ಬೇಯಿಸಿ ಸಿಪ್ಪೆ ಸುಲಿದು ಚೂರು ಮಾಡಿ ಕೊಟ್ಟರೆ ಮಲಬದ್ಧತೆಯಿಂದಾದ ತೇಲು ಹಲವು ಬಾರಿ ಸರಿಹೋಗುತ್ತದೆ. ಗಾಳಿಚೀಲವೇ ಕೆಟ್ಟಿದ್ದರೆ ಇದರಿಂದ ಫಲವಿಲ್ಲ.

ಹುರುಪೆಗಳೆಲ್ಲ ನಿಮಿರಿ, ಹೊಟ್ಟೆ ಊದಿ, ಮೀನು ಮುಳ್ಳುಸೌತೆಯಂತೆ ಕಂಡರೆ ಅದು ಜಲೋದರ. ಅದೊಂದು ರೋಗವಲ್ಲ, ಮೂತ್ರಪಿಂಡ ಸೋತದ್ದರ ಕುರುಹು. ದೋಣಿಯಿಂದ ನೀರು ಮೊಗೆಯುವವನ ಕೈ ನಿಂತಿದೆ. ಬಹುಪಾಲು ಮೀನುಗಳು ಇದರಿಂದ ಉಳಿಯುವುದಿಲ್ಲ. ಈ ಘಟ್ಟದಲ್ಲಿ ಔಷಧದಂಗಡಿಯಿಂದ ಮನುಷ್ಯರ ಪ್ರತಿಜೈವಿಕ ಗುಳಿಗೆಗಳನ್ನು ತಂದು ಅಂದಾಜಿಗೆ ಕರಗಿಸುವವರನ್ನು ಕಂಡಿದ್ದೇನೆ. ಅರೆಪ್ರಮಾಣದ ಔಷಧ ರೋಗಾಣುಗಳನ್ನು ಕೊಲ್ಲದೆ ಪಳಗಿಸುತ್ತದೆ. ಆ ನೀರು ಕೊನೆಗೆ ನಮ್ಮ ಚರಂಡಿಗೇ ಹೋಗುತ್ತದೆ. ಬಲ್ಲವರನ್ನು ಕೇಳದೆ ಅದನ್ನು ಮಾಡಬಾರದು. ಮೀನಿಗೂ ಬಲ್ಲವರುಂಟೇ ಎಂದು ನಗಬೇಡಿ. ದೇಶದ ಮೊಟ್ಟಮೊದಲ ಮೀನುಗಾರಿಕೆ ಕಾಲೇಜು ೧೯೬೯ರಲ್ಲಿ ಆರಂಭವಾದದ್ದು ನಮ್ಮ ಮಂಗಳೂರಿನಲ್ಲೇ; ಮೀನಿನ ರೋಗಗಳು ಅಲ್ಲಿ ಪಾಠದ ವಿಷಯ.

ರೋಗಿಯ ಜೊತೆಗೆ ಶುಶ್ರೂಷೆ ಮಾಡುವವರೂ ಜೋಪಾನವಾಗಿರಬೇಕು. ೧೯೨೬ರಲ್ಲಿ ಸಾಗರದ ಮೀನುಗಳಲ್ಲಿ ಮೊದಲು ಗುರುತಿಸಿದ ಮೈಕೋಬ್ಯಾಕ್ಟೀರಿಯಂ ಮರೀನಂ ಎಂಬ ಏಕಾಣುಜೀವಿ ಕೈಯ ಗಾಯದ ಮೂಲಕ ಮನುಷ್ಯರ ಚರ್ಮವನ್ನು ಹೊಕ್ಕು ಬೇಗ ಮಾಯದ ಗಂಟುಗಳನ್ನು ಎಬ್ಬಿಸಬಲ್ಲುದು. ಗಾಯವಿದ್ದ ಕೈಯನ್ನು ತೊಟ್ಟಿಗೆ ಹಾಕಬಾರದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ತೊಳೆಯಬೇಕು. ಕೊಳವೆಯನ್ನು ಬಾಯಿಯಿಂದ ಹೀರಿ ನೀರು ಇಳಿಸುವ ಅಭ್ಯಾಸವನ್ನೂ ಬಿಡಬೇಕು.

ಬಿಳಿಚುಕ್ಕೆಯ ದಿನಗಳಲ್ಲಿ ಒಂದು ಸಂಜೆ ಮಗಳು ಕೇಳಿದಳು: “ಅಪ್ಪಾ, ಅದಕ್ಕೆ ನೋವಾಗುತ್ತಾ?” ಮೀನಿಗೆ ನೋವಿಲ್ಲ ಎಂದು ನಾವು ಚಿಕ್ಕಂದಿನಲ್ಲಿ ಕೇಳಿದ್ದೆವು. ೨೦೦೩ರಲ್ಲಿ ಲಿನ್ ಸ್ನೆಡ್ಡನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಟ್ರೌಟ್ ಮೀನಿನ ತಲೆಯಲ್ಲಿ ಹಾನಿಯನ್ನು ಗ್ರಹಿಸುವ ನರತುದಿಗಳಿವೆಯೆಂದು ತೋರಿಸಿಕೊಟ್ಟರು. ತುಟಿಗೆ ಹುಳಿಯಾಮ್ಲ ಚುಚ್ಚಿದ ಮೀನುಗಳು ತುಟಿಯನ್ನು ತಳದ ಕಲ್ಲಿಗೆ ಉಜ್ಜಿದವು; ಬಹಳ ಹೊತ್ತು ಆಹಾರದ ಕಡೆ ಸುಳಿಯಲಿಲ್ಲ. ಆ ಅನುಭವ ನಮ್ಮ ನೋವಿನಂಥದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ವಾದವಿದೆ. ಆದರೆ ಸಾಕುವವನಿಗೆ ಆ ವಾದ ತೀರುವವರೆಗೆ ಕಾಯುವ ಹಕ್ಕಿಲ್ಲ. “ಆಗುತ್ತದೆಂದೇ ತಿಳಿದುಕೊಳ್ಳೋಣ ಮಗು” ಎಂದೆ.

ಹಾಗೆ ತಿಳಿದ ಮೇಲೆ ಒಂದು ಕಠಿಣವಾದ ಮಾತನ್ನೂ ಹೇಳಬೇಕಾಗುತ್ತದೆ. ಎಲ್ಲ ಆರೈಕೆಯ ಅನಂತರವೂ ಮೀನು ಉಣ್ಣದೆ, ನೆಟ್ಟಗೆ ನಿಲ್ಲಲಾರದೆ ದಿನಗಟ್ಟಲೆ ನರಳಿದರೆ ಅದಕ್ಕೆ ನೆಮ್ಮದಿಯ ಸಾವನ್ನು ಕೊಡುವುದೂ ಶುಶ್ರೂಷೆಯ ಭಾಗವೇ. ನೆಲದ ಮೇಲೆ ಬಿಟ್ಟು ಸಾಯಿಸುವುದು, ಶೌಚದಲ್ಲಿ ನೀರು ಬಿಟ್ಟು ಕೊಚ್ಚುವುದು ಇವು ಕ್ರೌರ್ಯ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಮೀನಿಗೆ ಅರಿವಳಿಕೆ. ಎರಡು ಲೀಟರು ತೊಟ್ಟಿಯ ನೀರಿಗೆ ಒಂದು ಮಿಲಿಲೀಟರು ಎಣ್ಣೆಯ ಲೆಕ್ಕದಲ್ಲಿ, ಎಣ್ಣೆಯನ್ನು ಸಣ್ಣ ಸೀಸೆಯಲ್ಲಿ ಉಗುರುಬೆಚ್ಚನೆಯ ನೀರಿನೊಡನೆ ಚೆನ್ನಾಗಿ ಕುಲುಕಿಕೊಳ್ಳಬೇಕು. ಮೊದಲು ಸ್ವಲ್ಪ ಹಾಕಿ ಮೀನು ಮಂಪರಿಗೆ ಜಾರಿದ ಮೇಲೆ ಉಳಿದದ್ದನ್ನು ಹಾಕಬೇಕು. ಕಿವಿರು ನಿಂತ ಅನಂತರವೂ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಅಲ್ಲೇ ಬಿಡಬೇಕು. ಇನ್ನು ‘ಬದುಕಿದರೆ ಬದುಕಲಿ’ ಎಂದು ಕಾಯಿಲೆಯ ಮೀನನ್ನು ಊರ ಕೆರೆಗೆ ಬಿಡುವುದು ಪುಣ್ಯದ ಕೆಲಸವಲ್ಲ. ಅದರ ರೋಗ ಕೆರೆಯ ಮೀನುಗಳಿಗೆ ತಗಲಬಹುದು. ಆರೋಗ್ಯವಾಗಿದ್ದರೆ ಇನ್ನೂ ಕೇಡು. ತೊಟ್ಟಿಯ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಚೂಷಕ ಮೀನುಗಳು ಇಂದು ದಕ್ಷಿಣ ಭಾರತದ ಹಲವು ಕೆರೆಗಳಲ್ಲಿ ಬೀಡುಬಿಟ್ಟಿರುವುದು ಇಂಥ ದಯೆಯಿಂದಲೇ.

ಈಗ ನಮ್ಮ ಮನೆಯಲ್ಲಿ ನೂರಿಪ್ಪತ್ತು ಲೀಟರಿನ ತೊಟ್ಟಿಯಿದೆ. ಅದರಲ್ಲಿ ಆ ಎರಡೇ ಮೀನುಗಳಿವೆ. ಹೊಸದಾಗಿ ಏನು ತಂದರೂ, ಮೀನಾಗಲಿ ಗಿಡವಾಗಲಿ, ಮೂರು ವಾರ ಹಿತ್ತಿಲ ಕಡೆಯ ಟಬ್ಬಿನಲ್ಲಿ ಬೇರೆಯಾಗಿದ್ದು ಬರಬೇಕೆಂಬ ಕಟ್ಟಳೆ ಮಾಡಿದ್ದೇವೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಗುತ್ತದೆ. ಸ್ಪಂಜು ಕಂದುಬಣ್ಣದಲ್ಲೇ ಇದೆ. ನೋಡಿದ ನೆಂಟರು ಕೆಲವರು, “ಏನಿದು, ತೊಳೆಯುವುದಿಲ್ಲವೇ?” ಎಂದು ಮೂಗು ಮುರಿಯುತ್ತಾರೆ. ಮಗಳೇ ಅವರಿಗೆ ಉತ್ತರ ಹೇಳುತ್ತಾಳೆ. ಮೂರನೆಯ ಮೀನಿನ ಕತೆಯನ್ನೂ ಬಿಡದೆ ಹೇಳುತ್ತಾಳೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.